ಪೋಶ್ ದೂರು: ಬಿದ್ದುಹೋಗದಂತೆ ಬರೆಯುವುದು ಹೇಗೆ

ಎಚ್‌ಆರ್ ಬಳಿ ಬಾಯಿಮಾತಲ್ಲಿ ಹೇಳಿಕೊಂಡರೆ ಅದು ದೂರು ಆಗುವುದಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ (ಇದನ್ನೇ ಪೋಶ್ ಎನ್ನುವುದು) ಕಂಪನಿಯ ಆಂತರಿಕ ಸಮಿತಿಗೆ ಬರವಣಿಗೆಯಲ್ಲೇ ದೂರು ಕೊಡಬೇಕು, ಅದೂ ಘಟನೆ ನಡೆದ 3 ತಿಂಗಳೊಳಗೆ. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾಗಿದ್ದರೆ ಕಾರಣ ಬರೆಯಿರಿ, ಸಮಿತಿ ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು. ‘ಅಪ್ರೈಸಲ್ ಮುಗೀಲಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಕಿವಿಗೊಟ್ಟರೆ ಗಡುವು ಕೈತಪ್ಪುತ್ತದೆ.

‘ಅಸಭ್ಯವಾಗಿ ವರ್ತಿಸಿದರು’ ಎಂದಷ್ಟೇ ಬರೆದರೆ ವಿಚಾರಣೆಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಮಾರ್ಚ್ 12, ರಾತ್ರಿ 9.40, ಮಾರತ್ತಹಳ್ಳಿ ಕಡೆ ಹೋಗುವ ಕಂಪನಿ ಕ್ಯಾಬ್, ಹಿಂದಿನ ಸೀಟು. ಕೈ ತಳ್ಳಿದ ಮೇಲೂ ಭುಜ ಹಿಡಿದರು. ಡ್ರೈವರ್ ಇದ್ದರು’ ಎಂದು ಬರೆಯಿರಿ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆದು, ಅರ್ಥವನ್ನು ಕೆಳಗೆ ಕೊಡಿ. ಕಂಪನಿ ಕೊಟ್ಟ ಕ್ಯಾಬ್ ಕೂಡ ಕೆಲಸದ ಜಾಗವೇ. ಕಾಂಟ್ರ್ಯಾಕ್ಟ್‌ನವರು, ಟ್ರೈನಿಗಳೂ ದೂರು ಕೊಡಬಹುದು.

ಸ್ಲ್ಯಾಕ್, ಟೀಮ್ಸ್ ಚಾಟ್‌ಗಳ ಸ್ಕ್ರೀನ್‌ಶಾಟಿನಲ್ಲಿ ಹೆಸರು, ದಿನಾಂಕ, ನಿಮ್ಮ ಉತ್ತರ ಎಲ್ಲವೂ ಕಾಣಬೇಕು. ಕತ್ತರಿಸಿದ ಚಿತ್ರವನ್ನು ಎದುರಿನವರು ಸುಲಭವಾಗಿ ಅನುಮಾನಿಸುತ್ತಾರೆ. ರಾಜೀನಾಮೆಗೆ ಮೊದಲೇ ಇದನ್ನೆಲ್ಲ ತೆಗೆದಿಟ್ಟುಕೊಳ್ಳಿ, ಲಾಗಿನ್ ಮುಚ್ಚಿದ ಮೇಲೆ ಸಿಗುವುದಿಲ್ಲ. ಆದರೆ ಕ್ಲೈಂಟ್ ದಾಖಲೆಗಳನ್ನು ಸ್ವಂತ ಮೇಲ್‌ಗೆ ಕಳಿಸಬೇಡಿ, ಡೇಟಾ ಸೋರಿಕೆ ಎಂದು ನಿಮ್ಮ ಮೇಲೆಯೇ ಕ್ರಮ ಆಗಬಹುದು.

ನಿಯಮದ ಪ್ರಕಾರ ದೂರಿನ 6 ಪ್ರತಿ ಕೊಡಬೇಕು, ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು ಮತ್ತು ವಿಳಾಸ. ಸ್ವೀಕೃತಿ ಪಡೆಯದೆ ಬರಬೇಡಿ. ಸಮಿತಿ 7 ಕೆಲಸದ ದಿನಗಳಲ್ಲಿ ಒಂದು ಪ್ರತಿಯನ್ನು ಎದುರಿನವರಿಗೆ ಕಳಿಸಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ 3 ಸದಸ್ಯರು ಕೂರಬೇಕು. ಸಮಿತಿಯಲ್ಲಿ ಕಂಪನಿಯ ಹೊರಗಿನ ಸದಸ್ಯರು ಇದ್ದಾರೆಯೇ ನೋಡಿ, ಇಲ್ಲದಿದ್ದರೆ ಸಮಿತಿಯ ರಚನೆಯೇ ತಪ್ಪು. ವಕೀಲರನ್ನು ಕರೆತರಲು ಇಬ್ಬರಿಗೂ ಅವಕಾಶವಿಲ್ಲ.

ತುಂಬಾ ಜನ ಕೇಳದೇ ಬಿಡುವುದು ಮಧ್ಯಂತರ ಪರಿಹಾರ, ಅಂದರೆ ವಿಚಾರಣೆ ನಡೆಯುವಾಗಲೇ ಸಿಗುವ ರಕ್ಷಣೆ. ದೂರು ಮ್ಯಾನೇಜರ್ ಮೇಲಿದ್ದರೆ, ನಿಮ್ಮ ಅಪ್ರೈಸಲ್ ಬರೆಯುವ ಕೆಲಸವನ್ನು ಅವರಿಂದ ತಪ್ಪಿಸಿ ಬೇರೆಯವರಿಗೆ ಕೊಡಿಸಲು ಸಮಿತಿ ಶಿಫಾರಸು ಮಾಡಬಹುದು. ವರ್ಗಾವಣೆಗೂ, ನಿಮ್ಮ ರಜೆಯ ಲೆಕ್ಕಕ್ಕೆ ಸೇರದ 3 ತಿಂಗಳವರೆಗಿನ ರಜೆಗೂ ದಾರಿಯಿದೆ. ನೀವು ಬರೆದು ಕೇಳಿದರೆ ಮಾತ್ರ. ಹಾಗಾಗಿ ದೂರಿನ ಕೊನೆಯಲ್ಲೇ ಸೇರಿಸಿ.

ಆರೋಪ ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರು ಆಗದು, ಕಾಯ್ದೆಯೇ ಹಾಗೆ ಹೇಳುತ್ತದೆ. 10ಕ್ಕಿಂತ ಕಡಿಮೆ ಜನರಿರುವ ಸ್ಟಾರ್ಟಪ್ ಆದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ.