ಹಿಮದ ಮೇಲೆ ಓಡಿಸಲು ಅಗ್ಗದ ಡರ್ಟ್ ಬೈಕ್: ಮಂಡ್ಯದಲ್ಲಿ ಕೊಂಡು ಮೈಸೂರಿನಲ್ಲಿ ಸಿದ್ಧಪಡಿಸಿದ ನನ್ನ ಅನುಭವ

ಮೈಸೂರಿನಲ್ಲಿದ್ದುಕೊಂಡು ಹಿಮದ ಮೇಲೆ ಓಡಿಸುವ ಬೈಕ್ ಸಿದ್ಧಪಡಿಸಬೇಕೆಂದು ಹೊರಟವನು ಮೊದಲು ತೀರ್ಮಾನಿಸಬೇಕಾದದ್ದು ಯಾವ ಬೈಕ್ ಎಂಬುದನ್ನಲ್ಲ, ಯಾವ ಬಗೆಯ ಹಿಮ ಎಂಬುದನ್ನು. ಅಮೆರಿಕ ಮತ್ತು ಕೆನಡಾಗಳಲ್ಲಿ ಮುಂದಿನ ಚಕ್ರವನ್ನು ತೆಗೆದು ಹಿಮಜಾರು ಹಲಗೆಯನ್ನೂ, ಹಿಂದಿನ ಚಕ್ರವನ್ನು ಅದನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್ ಸಮೇತ ತೆಗೆದು ರಬ್ಬರ್ ಪಟ್ಟಿಯನ್ನೂ ಜೋಡಿಸುವ ಕಿಟ್‌ಗಳು ದೊರೆಯುತ್ತವೆ. 2015ರಲ್ಲಿ ಪೊಲಾರಿಸ್ ಕಂಪನಿ ಕೊಂಡುಕೊಂಡ ಟಿಂಬರ್‌ಸ್ಲೆಡ್ ಇವುಗಳಲ್ಲಿ ಹೆಸರಾದದ್ದು. ಸೊಂಟದಾಳದ ಹಿಮದಲ್ಲಿ ಮುಳುಗದೆ ತೇಲಿ ಸಾಗಲು ಅಂಥ ಕಿಟ್ಟೇ ಬೇಕು. ಆದರೆ ಹಿಮದಲ್ಲಿ ಆ ಪಟ್ಟಿಯನ್ನು ಎಳೆಯಲು ಸಾಮಾನ್ಯವಾಗಿ 450 ಸಿ.ಸಿ.ಯ, ಸುಮಾರು 50 ಅಶ್ವಶಕ್ತಿಯ ಮೋಟೋಕ್ರಾಸ್ ಬೈಕ್‌ಗಳನ್ನು ಬಳಸುತ್ತಾರೆ, ಮತ್ತು ಕಿಟ್ ಒಂದರ ಬೆಲೆಯಲ್ಲಿ ನಮ್ಮಲ್ಲಿ ಹಲವು ಹಳೆಯ ಬೈಕ್‌ಗಳನ್ನು ಕೊಳ್ಳಬಹುದು. ಆದ್ದರಿಂದ ನಾನು ಆ ದಾರಿಯನ್ನು ಬಿಟ್ಟು, ಹಿಮಾಚಲ ಪ್ರದೇಶದ ಲಾಹುಲ್ ಕಣಿವೆಯ ಸಿಸ್ಸುವಿನ ಸುತ್ತಮುತ್ತ ಚಳಿಗಾಲದಲ್ಲಿ ಗಟ್ಟಿಯಾಗಿ ಕೂತಿರುವ ಹಿಮ ಮತ್ತು ತೆಳು ಮಂಜುಗಡ್ಡೆಯ ಮೇಲೆ, ಟೈರಿಗೆ ಲೋಹದ ಮೊಳೆ ಕೂರಿಸಿ ಓಡಿಸುವ ಬೈಕ್ ಸಾಕೆಂದು ನಿರ್ಧರಿಸಿದೆ. ಮುಂದಿನ ಆಯ್ಕೆಗಳೆಲ್ಲ ಈ ನಿರ್ಧಾರದಿಂದಲೇ ಹುಟ್ಟಿದವು.

ಮೈಸೂರಿನವನಾದ ಕಾರಣ ನನ್ನ ಮನಸ್ಸು ಮೊದಲು ಹರಿದದ್ದು ಯೆಜ್ಡಿಯ ಕಡೆಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಬೈಕ್‌ಗಳನ್ನು ಮಗುಚಿ, ಬಿಚ್ಚಿ, ಮತ್ತೆ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಈ ಊರಿನಲ್ಲಿ ಇಂದಿಗೂ ಇದ್ದಾರೆ, ಮತ್ತು ಚೈನನ್ನು ಪೂರ್ತಿಯಾಗಿ ಮುಚ್ಚುವ ಅದರ ಕೇಸ್ ಹಿಮಕ್ಕೆ ನಿಜವಾಗಿಯೂ ಒಳ್ಳೆಯದು. ಆದರೂ ಅದನ್ನು ಬಿಟ್ಟೆ. ಸಸ್ಪೆನ್ಷನ್ನಿನ ಚಲನೆ ಕಡಿಮೆ, ಎಂಜಿನ್ ನೆಲಕ್ಕೆ ಹತ್ತಿರ, ಮತ್ತು ಸಂಗ್ರಹಕಾರರ ಆಸಕ್ತಿಯಿಂದಾಗಿ ಒಳ್ಳೆಯ ಸ್ಥಿತಿಯ ಯೆಜ್ಡಿಯ ಬೆಲೆ ಈಗ ಬಡವನ ಕೈಗೆಟುಕುವುದಿಲ್ಲ. ಇಷ್ಟು ಪ್ರೀತಿಯಿಂದ ಉಳಿಸಿಕೊಂಡು ಬಂದ ಗಾಡಿಯ ಟೈರಿಗೆ ಮೊಳೆ ಹೊಡೆದು ಎಸೆದಾಡಿಸುವುದು ನನಗೆ ಸರಿಯೆನಿಸಲಿಲ್ಲ. ಯಮಹಾ ಆರ್.ಎಕ್ಸ್. 100ರ ವಿಷಯವೂ ಹಾಗೆಯೇ: ಹಗುರವಾದರೂ ಅದರ ಬೆಲೆ ಅದರ ಉಪಯೋಗವನ್ನು ಮೀರಿ ಏರಿದೆ.

ಉಳಿದವು ಮೂರು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಎಂಜಿನ್ 32 ನ್ಯೂಟನ್ ಮೀಟರ್ ತಿರುಚುಬಲ (ಟಾರ್ಕ್) ಕೊಡುತ್ತದೆ ಮತ್ತು ಎತ್ತರದ ಊರುಗಳಲ್ಲಿ ಅದನ್ನು ರಿಪೇರಿ ಮಾಡುವವರು ಎಲ್ಲೆಡೆ ಸಿಗುತ್ತಾರೆ, ಆದರೆ ಬಿ.ಎಸ್. 6 ಎಂಬ ಹೊಗೆ ನಿಯಮಕ್ಕೆ ಹೊಂದಿಸಿದ ಮಾದರಿಯ ತೂಕ 199 ಕೆ.ಜಿ. ಹಿಮದಲ್ಲಿ ಬೈಕ್ ಬೀಳುವುದು ಅಪರೂಪದ ಘಟನೆಯಲ್ಲ, ದಿನದ ಕೆಲಸದ ಒಂದು ಭಾಗ. ಜಾರುವ ನೆಲದ ಮೇಲೆ, ದಪ್ಪ ಬೂಟು ಮತ್ತು ಕೈಗವಸು ಹಾಕಿಕೊಂಡು, ಪ್ರತಿ ಸಲವೂ 199 ಕೆ.ಜಿ. ಎತ್ತುವವನಿಗೆ ಮಧ್ಯಾಹ್ನದ ಹೊತ್ತಿಗೆ ಓಡಿಸುವ ಶಕ್ತಿ ಉಳಿದಿರುವುದಿಲ್ಲ. 2011ರಲ್ಲಿ ಬಂದು ಕೆಲವೇ ವರ್ಷಗಳಲ್ಲಿ ನಿಂತುಹೋದ ಹೀರೋ ಇಂಪಲ್ಸ್ ಇದಕ್ಕೆ ತದ್ವಿರುದ್ಧವಾಗಿ 134 ಕೆ.ಜಿ. ಮಾತ್ರ, ಬೆಲೆಯೂ ಕಡಿಮೆ. ಅದರ ತೊಡಕು ಚಕ್ರದಲ್ಲಿದೆ: ಮುಂದೆ 19 ಇಂಚು, ಹಿಂದೆ 17 ಇಂಚು. ರಬ್ಬರಿನ ಉಬ್ಬುಗಳಿರುವ ಆಳವಾದ ಬಟನ್ ಟೈರುಗಳು ನಮ್ಮಲ್ಲಿ ಸುಲಭವಾಗಿ ದೊರೆಯುವುದು 21 ಮತ್ತು 18 ಇಂಚಿನ ಅಳತೆಗಳಲ್ಲಿ. ಮೊಳೆ ಕೂರಿಸಲು ಬಟನ್ ಆಳವಾಗಿಯೇ ಇರಬೇಕು. ಹೀಗಾಗಿ, ಇಂಪಲ್ಸ್‌ಗಿಂತ ಸುಮಾರು 20 ಕೆ.ಜಿ. ಹೆಚ್ಚು ತೂಗುವುದಾದರೂ, ಹಳೆಯ ಹೀರೋ ಎಕ್ಸ್‌ಪಲ್ಸ್ 200 ನನ್ನ ಆಯ್ಕೆಯಾಯಿತು. ಅದರ ಚಕ್ರಗಳು 21 ಮತ್ತು 18 ಇಂಚಿನವು, ಸಸ್ಪೆನ್ಷನ್ ಮುಂದೆ 190, ಹಿಂದೆ 170 ಮಿ.ಮೀ. ಚಲಿಸುತ್ತದೆ, ಮುಂದಿನ ಮಡ್‌ಗಾರ್ಡ್ ಟೈರಿನಿಂದ ಎತ್ತರದಲ್ಲಿರುವುದರಿಂದ ನಡುವೆ ಹಿಮ ಗಟ್ಟಿಕಟ್ಟಿ ಚಕ್ರ ಹಿಡಿದುಕೊಳ್ಳುವ ಭಯ ಕಡಿಮೆ.

ಎಕ್ಸ್‌ಪಲ್ಸ್‌ನಲ್ಲಿಯೂ ಯಾವುದು ಎಂಬ ಪ್ರಶ್ನೆಯಿತ್ತು. 2019ರಲ್ಲಿ ಬಂದಾಗ ಕಾರ್ಬ್ಯುರೇಟರಿನದು 97,000 ರೂಪಾಯಿ, ಫ್ಯೂಯಲ್ ಇಂಜೆಕ್ಷನ್ನಿನದು 1.05 ಲಕ್ಷ ರೂಪಾಯಿ ಷೋರೂಂ ಬೆಲೆಯಲ್ಲಿದ್ದವು. ನಾನು ಇಂಜೆಕ್ಷನ್ನಿನದನ್ನೇ ಹುಡುಕಿದೆ. ಸಿಸ್ಸು ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ ಮಾತ್ರ, 18.4 ಅಶ್ವಶಕ್ತಿಯ ಎಂಜಿನ್ ಅಲ್ಲಿ 14ರ ಆಸುಪಾಸಿಗೆ ಇಳಿಯುತ್ತದೆ. ಕಾರ್ಬ್ಯುರೇಟರಾದರೆ ಪೆಟ್ರೋಲು ಹರಿಯುವ ತೂತಿನ ಬಿಡಿಭಾಗವಾದ ಜೆಟ್ ಚಿಕ್ಕದನ್ನು ಹಾಕದಿದ್ದಲ್ಲಿ ಪೆಟ್ರೋಲು ಹೆಚ್ಚಾಗಿ ಹೋಗಿ, ಇರುವ ಶಕ್ತಿಯೂ ಕುಂದಿ ಪ್ಲಗ್ ಕಪ್ಪಾಗುತ್ತದೆ. ಇಂಜೆಕ್ಷನ್ ಗಾಳಿಯ ಒತ್ತಡವನ್ನು ಗ್ರಹಿಸಿ ತಾನೇ ಸರಿಹೊಂದಿಸಿಕೊಳ್ಳುತ್ತದೆ. ಬಿ.ಎಸ್. 6 ಮಾದರಿಗೆ ಆಯಿಲ್ ಕೂಲರ್ ಸೇರಿಸಿದ್ದಾರೆ, ಅದು ನಮ್ಮ ಬಿಸಿಲಿಗೆ ವರವೇ ಸರಿ. ಆದರೆ ಕೊರೆಯುವ ಚಳಿಯಲ್ಲಿ ಆಯಿಲ್ ಬೇಕಾದಷ್ಟು ಬಿಸಿಯಾಗದಂತೆ ತಡೆಯುವ ಅಂಗ ನನಗೆ ಬೇಕಿರಲಿಲ್ಲ. ಅಂಥ ಬೈಕ್ ಈಗಾಗಲೇ ಇರುವವರು ಕೂಲರಿನ ಅರ್ಧವನ್ನು ರೆಕ್ಸಿನ್ ತುಂಡಿನಿಂದ ಮುಚ್ಚಿದರೆ ಸಾಕು. ನೀರಿನಿಂದ ತಂಪಾಗುವ ಎಂಜಿನ್ನುಗಳಲ್ಲಿ ಕೂಲೆಂಟ್ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಇನ್ನೊಂದು ಕೆಲಸವೂ ಇರುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ಆ ಚಿಂತೆಯಿಲ್ಲ.

ಗಾಡಿ ಸಿಕ್ಕಿದ್ದು ಮಂಡ್ಯದಲ್ಲಿ, ಕೆ.ಎ. 11 ನೋಂದಣಿಯದು, 80,000 ರೂಪಾಯಿಯ ಒಳಗೆ. ಅದನ್ನು ತೋರಿಸಿದ ಮೆಕ್ಯಾನಿಕ್ ನನ್ನ ಉದ್ದೇಶವನ್ನು ಪೂರ್ತಿ ಕೇಳಿಸಿಕೊಂಡು, "ಮೊದ್ಲು ಮಲಗುಸ್ಬುಟ್ಟು ಒಬ್ರೇ ಎತ್ತಿ ನೋಡಿ ಸಾ, ಆಮೇಲೆ ರೇಟ್ ಮಾತಾಡ್ವ" ಎಂದರು. ಇಷ್ಟು ಸರಿಯಾದ ಪರೀಕ್ಷೆಯನ್ನು ಬೇರೆ ಯಾರೂ ನನಗೆ ಹೇಳಿರಲಿಲ್ಲ. ಕೊಳ್ಳುವವರು ಇದನ್ನು ತಪ್ಪದೆ ಮಾಡಬೇಕು. ಎಂಜಿನ್ನಿನ ಸದ್ದನ್ನು ಎಲ್ಲರೂ ಕೇಳುತ್ತಾರೆ. ನಾನು ಹೆಚ್ಚು ಹೊತ್ತು ಕಳೆದದ್ದು ಬೇರೆ ಕಡೆ: ಬೈಕನ್ನು ಎತ್ತಿ ನಿಲ್ಲಿಸಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ, ನಡುವೆ ಎಲ್ಲಾದರೂ ತಡೆದು ಕೂರುತ್ತದೆಯೇ ಎಂದು ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್ ನೋಡಿದೆ, ಹಿಂದಿನ ಚಕ್ರವನ್ನು ಅಡ್ಡಡ್ಡ ಅಲುಗಾಡಿಸಿ ಸ್ವಿಂಗ್ ಆರ್ಮ್ ಬುಷ್ ನೋಡಿದೆ, ಫೋರ್ಕ್ ಕೊಳವೆಗಳ ಮೇಲೆ ಎಣ್ಣೆಯ ಗೆರೆ, ರಿಮ್ಮಿನ ಬೆಂಡ್, ಸಡಿಲವಾದ ಕಡ್ಡಿಗಳನ್ನು ನೋಡಿದೆ. ಮಂಜುಗಡ್ಡೆಯ ಮೇಲೆ ಮುಂದಿನ ಚಕ್ರ ಏನು ಮಾಡುತ್ತಿದೆ ಎಂಬುದನ್ನು ಅಂಗೈ ಮಾತ್ರ ತಿಳಿಸಬಲ್ಲದು. ಕೋನ್ ಸೆಟ್ ಸವೆದಿದ್ದರೆ ಆ ಸುದ್ದಿ ಅಂಗೈಗೆ ತಲುಪುವುದೇ ಇಲ್ಲ.

ಪರಿವರ್ತನೆಯಲ್ಲಿ ಮುಖ್ಯವಾದದ್ದು ಟೈರು. ಮೊಳೆ ಎಂದೆನಾದರೂ ನಾನು ಬಳಸಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಆರು ಮೂಲೆಯ ತಲೆಯಿರುವ ಅರ್ಧ ಇಂಚಿನ ಉಕ್ಕಿನ ಸ್ಕ್ರೂಗಳನ್ನು. ಹೊರಗಿನಿಂದ ಒಳಕ್ಕೆ ತಿರುಗಿಸಿದಾಗ ತಲೆ ಬಟನ್ನಿನ ಮೇಲೆ ಉಳಿಯುತ್ತದೆ, ಅದರ ಅಂಚೇ ಮಂಜುಗಡ್ಡೆಯನ್ನು ಕಚ್ಚುತ್ತದೆ. ಟ್ಯೂಬ್ ಇರುವ ಟೈರಾದ್ದರಿಂದ ಪ್ರತಿ ಸಾಲಿನ ಬಟನ್ ಎತ್ತರವನ್ನು ವರ್ನಿಯರಿನಿಂದ ಅಳೆದು, 13 ಮಿ.ಮೀ.ಗಿಂತ ಕಡಿಮೆ ಇರುವಲ್ಲಿ ಸ್ಕ್ರೂ ಹಾಕಲೇ ಇಲ್ಲ. ಹಿಂದಿನ ಟೈರಿನಲ್ಲಿ ನಡುವಿನ ಸಾಲುಗಳಿಗೆ ಹೆಚ್ಚು ಸ್ಕ್ರೂ ಬೇಕು, ಏಕೆಂದರೆ ಅದರ ಕೆಲಸ ನೂಕುವುದು. ಮುಂದಿನದರಲ್ಲಿ ಅಂಚಿನ ಸಾಲುಗಳಿಗೂ ಬೇಕು, ಏಕೆಂದರೆ ತಿರುವಿನಲ್ಲಿ ಆಧಾರ ಅಲ್ಲಿಯೇ. ಮುಂದಿನ ಟೈರಿಗೆ ಸ್ಕ್ರೂ ಉಳಿಸಿ ಹಿಂದಿನದಕ್ಕೆ ಮಾತ್ರ ಹಾಕುವವರಿದ್ದಾರೆ. ಅದು ಬೈಕನ್ನು ಓಡಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹಿಮದ ಮೇಲೆ ಟೈರಿನ ಗಾಳಿಯನ್ನು 15 ಪಿ.ಎಸ್.ಐ. ಸುತ್ತಮುತ್ತ ಇಳಿಸಬೇಕಾಗುವುದರಿಂದ, ರಿಮ್ಮಿನೊಳಗೆ ಟೈರು ಜಾರಿ ಟ್ಯೂಬಿನ ಬಾಯಿ ಕಿತ್ತುಬರದಂತೆ ಹಿಂದಿನ ಚಕ್ರಕ್ಕೆ ರಿಮ್ ಲಾಕ್ ಹಾಕಿಸಿದೆ.

ಶಕ್ತಿ ಕಡಿಮೆಯಾಗುವುದನ್ನು ಸರಿದೂಗಿಸಲು ಚೈನು ತಿರುಗಿಸುವ ಹಲ್ಲಿನ ಗಾಲಿಗಳಲ್ಲಿ ಮುಂದಿನದರಲ್ಲಿ, ಅಂದರೆ ಮುಂದಿನ ಸ್ಪ್ರಾಕೆಟಿನಲ್ಲಿ, ಒಂದು ಹಲ್ಲು ಕಡಿಮೆ ಮಾಡಿದೆ. ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್‌ಗಳೊಳಗಿನ ತೇವ ಅಲ್ಲಿ ಹೆಪ್ಪುಗಟ್ಟುವುದರಿಂದ ಎರಡನ್ನೂ ಹೊಸದಾಗಿ ಹಾಕಿ ಎಣ್ಣೆ ಇಳಿಸಿದೆ. ಚಕ್ರ ಎರಚುವ ಹಿಮದ ಪುಡಿ ಏರ್ ಫಿಲ್ಟರಿಗೆ ಅಂಟಿ ನೀರಾಗದಂತೆ, ಗಾಳಿ ಒಳಹೋಗುವ ಬಾಯಿಗೆ ನೈಲಾನ್ ಜಾಲರಿ ಕಟ್ಟಿದೆ. ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ, ಒಳಗೆ ಕಂಬಳಿ ಬಟ್ಟೆ ಇಟ್ಟು ರೆಕ್ಸಿನ್ನಿನಲ್ಲಿ ಹ್ಯಾಂಡಲಿಗೆ ಎರಡು ಕೈಚೀಲ ಹೊಲಿಸಿದೆ. ಇಡೀ ಖರ್ಚಿನಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಇದೇ. ಬ್ಯಾಟರಿ ಹೊಸದು ಹಾಕಿದೆ. ರಾತ್ರಿ ಅದನ್ನು ಬಿಚ್ಚಿ ಕೋಣೆಯೊಳಗೆ ಇಟ್ಟುಕೊಳ್ಳುವುದು ಅಲ್ಲಿ ಅಭ್ಯಾಸವಾಗಬೇಕು.

ಹಿಮವನ್ನು ಮೈಸೂರಿನಲ್ಲಿ ಪರೀಕ್ಷಿಸಲಾಗದು, ಆದರೆ ಎಳೆತವನ್ನು ಪರೀಕ್ಷಿಸಬಹುದು. ಪಾಂಡವಪುರದ ಬಳಿ ನಮ್ಮ ಮಾವನವರ ಗದ್ದೆಯಲ್ಲಿ ನಾಟಿಗೆ ಮುನ್ನ ಕೆಸರು ಮಾಡಿದ್ದ ಒಂದು ಮೂಲೆಯನ್ನು ಅವರ ಅನುಮತಿ ಪಡೆದು ಬಳಸಿಕೊಂಡೆ. ಎರಡನೇ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಆಕ್ಸಿಲರೇಟರ್ ಒಂದೇ ಸಮನೆ ಹಿಡಿದು ಕೆಸರನ್ನು ದಾಟಲು ಸ್ಪ್ರಾಕೆಟ್ ಬದಲಾವಣೆ ಸಾಕಾಗುತ್ತದೆಯೇ ಎಂಬುದು ಅಲ್ಲಿ ಸ್ಪಷ್ಟವಾಗಿ ತಿಳಿಯಿತು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. ಸ್ಕ್ರೂ ಹಾಕಿದ ಟೈರು ಡಾಂಬರನ್ನು ಕೆಡಿಸುವುದಲ್ಲದೆ ಡಾಂಬರಿನ ಮೇಲೆ ಅಪಾಯಕಾರಿಯಾಗಿ ಜಾರುತ್ತದೆ. ಅದಕ್ಕಾಗಿಯೇ ಬೈಕನ್ನು ಅದರ ಮೂಲ ಟೈರುಗಳಲ್ಲಿಯೇ ಇಟ್ಟು, ಸ್ಕ್ರೂ ಹಾಕಿದ ಜೋಡಿ ಚಕ್ರಗಳನ್ನು ಬೇರೆಯಾಗಿ ಒಯ್ದೆ. ಪೆಟ್ರೋಲು ಪೂರ್ತಿ ಖಾಲಿ ಮಾಡಿ, ಗೋಣಿಚೀಲ ಸುತ್ತಿಸಿ, ಮೈಸೂರಿನಿಂದ ಹಜರತ್ ನಿಜಾಮುದ್ದೀನಿಗೆ ಹೋಗುವ ಸ್ವರ್ಣ ಜಯಂತಿ ರೈಲಿನಲ್ಲಿ ಪಾರ್ಸೆಲ್ ಮಾಡಿದೆ. ಹಿಮ ಬಿದ್ದ ದಿನಗಳಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗದ ಕಡೆಗೆ ನಾಲ್ಕೂ ಚಕ್ರಗಳಿಗೆ ಬಲವಿರುವ ವಾಹನಗಳನ್ನು ಮಾತ್ರ ಬಿಡುವುದುಂಟು. ಆದ್ದರಿಂದ ಮನಾಲಿಯಿಂದ ಪಿಕಪ್‌ನಲ್ಲಿ ಬೈಕನ್ನು ಸಾಗಿಸಿದೆ.

ಸಿಸ್ಸುವಿನಲ್ಲಿ, ಮಾಲೀಕರ ಒಪ್ಪಿಗೆ ಪಡೆದ ಹೊಲದಲ್ಲಿ, ಗಟ್ಟಿ ಹಿಮದ ಮೇಲೆ ಬೈಕ್ ನಾನು ಬಯಸಿದಂತೆಯೇ ಓಡಿತು. ಎರಡನೇ, ಮೂರನೇ ಗೇರುಗಳಲ್ಲಿ ಮೃದುವಾಗಿ ಆಕ್ಸಿಲರೇಟರ್ ಕೊಟ್ಟರೆ ಹಿಂದಿನ ಚಕ್ರ ತಿರುಗಿ ಗುಂಡಿ ತೋಡುವುದಿಲ್ಲ. ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎ.ಬಿ.ಎಸ್. ಮುಂದಿನ ಚಕ್ರಕ್ಕೆ ಮಾತ್ರ ಇರುವುದರಿಂದ ಹಿಂದಿನ ಚಕ್ರವನ್ನು ಬ್ರೇಕಿನಿಂದ ಹಿಡಿದು ಬೈಕನ್ನು ತಿರುಗಿಸಿಕೊಳ್ಳಬಹುದು. ಇಳಿಜಾರಿನಲ್ಲಿ ಇದು ಬಹಳ ಉಪಯೋಗಕ್ಕೆ ಬಂತು. ಆದರೆ ಗಾಳಿ ತಂದು ರಾಶಿ ಹಾಕಿದ ಪುಡಿಹಿಮ ಚಕ್ರದ ಹಬ್ಬಿನ ಮಟ್ಟಕ್ಕೆ ಬಂದಲ್ಲಿ ಬೈಕ್ ನಿಂತೇಬಿಡುತ್ತದೆ, ಅಲ್ಲಿ ಸ್ಕ್ರೂಗಳಿಗೆ ಕಚ್ಚಲು ಏನೂ ಸಿಗುವುದಿಲ್ಲ. ಅಂಥ ಕಡೆ ಇಳಿದು, ಹಿಂದಿನ ಚಕ್ರದ ಸುತ್ತ ಹಿಮವನ್ನು ತುಳಿದು ಗಟ್ಟಿ ಮಾಡಿ, ಬಂದ ಜಾಡಿನಲ್ಲಿಯೇ ಹಿಂದಕ್ಕೆ ಎಳೆಯಬೇಕು. ಸಂಜೆ ಬೈಕ್ ನಿಲ್ಲಿಸುವ ಮುನ್ನ ಚೈನು, ಬ್ರೇಕ್ ಪೆಡಲ್ ಮತ್ತು ಗೇರ್ ಲಿವರ್ ಸುತ್ತಲಿನ ಹಿಮವನ್ನು ಬ್ರಷ್‌ನಿಂದ ಪೂರ್ತಿ ತೆಗೆಯಬೇಕು, ಏಕೆಂದರೆ ಎಂಜಿನ್ನಿನ ಶಾಖಕ್ಕೆ ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಪೆಡಲ್ ಅಲುಗುವುದಿಲ್ಲ. ಸ್ಕ್ರೂಗಳನ್ನೂ ಆಗಲೇ ಸಾಲುಸಾಲಾಗಿ ನೋಡಿ, ಸಡಿಲವಾದವನ್ನು ಬಿಗಿಮಾಡಿ, ಬಿದ್ದುಹೋದ ತೂತಿಗೆ ಅದೇ ಉದ್ದದ, ಒಂದು ಅಳತೆ ದಪ್ಪನಾದ ಸ್ಕ್ರೂ ಹಾಕಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ.