ಮಗುವಿನ ಅಡಿನಾಯ್ಡ್ ಶಸ್ತ್ರಚಿಕಿತ್ಸೆ: ಸಿದ್ಧತೆ ಮತ್ತು ಮನೆಯ ಆರೈಕೆ

ಮೂಗಿನ ಹಿಂಭಾಗದಲ್ಲಿ, ಅಂಗುಳಿನ ಮೇಲ್ಗಡೆ, ಬಾಯಿ ಅಗಲಿಸಿ ನೋಡಿದರೂ ಕಣ್ಣಿಗೆ ಬೀಳದ ಜಾಗದಲ್ಲಿ ಅಡಿನಾಯ್ಡ್ ಎಂಬ ಮೆದುವಾದ ಅಂಗಾಂಶವಿರುತ್ತದೆ. ಉಸಿರಿನೊಂದಿಗೆ ಒಳಬರುವ ರೋಗಾಣುಗಳನ್ನು ಗುರುತಿಸಲು ದೇಹಕ್ಕೆ ನೆರವಾಗುವ ಈ ಅಂಗಾಂಶವು ಸುಮಾರು 3ರಿಂದ 7 ವರ್ಷದ ನಡುವೆ ಅತಿ ದೊಡ್ಡದಾಗಿದ್ದು, ಆಮೇಲೆ ಕ್ರಮೇಣ ಕುಗ್ಗುತ್ತಾ ಹದಿಹರೆಯ ಮುಗಿಯುವ ಹೊತ್ತಿಗೆ ಬಹುಪಾಲು ಇಲ್ಲವಾಗುತ್ತದೆ. ಆದ್ದರಿಂದ ಅಡಿನಾಯ್ಡ್ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತೆಗೆಸಬೇಕಾಗಿಲ್ಲ. ಮಗು ಸದಾ ಬಾಯಿಯಿಂದಲೇ ಉಸಿರಾಡುವುದು, ಜೋರಾಗಿ ಗೊರಕೆ ಹೊಡೆಯುವುದು, ನಿದ್ದೆಯಲ್ಲಿ ಕೆಲವು ಕ್ಷಣ ಉಸಿರು ನಿಂತು ಮತ್ತೆ ಏದುಸಿರಿನೊಂದಿಗೆ ಆರಂಭವಾಗುವುದು, ಕಿವಿಯ ಸೋಂಕು ಮರುಕಳಿಸುವುದು ಅಥವಾ ಕಿವಿತಮಟೆಯ ಹಿಂದೆ ದ್ರವ ನಿಂತು ಕೇಳಿಸುವಿಕೆ ಮಂದವಾಗುವುದು, ಇಂತಹ ತೊಂದರೆಗಳು ತಿಂಗಳುಗಟ್ಟಲೆ ಉಳಿದಾಗ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ.

ನಿರ್ಧಾರಕ್ಕೆ ಬರುವ ಮೊದಲು ಒಂದು ಕೆಲಸ ಮಾಡಿ. ಮಗು ಗಾಢ ನಿದ್ದೆಯಲ್ಲಿರುವಾಗ ಅದರ ಎದೆ ಮತ್ತು ಮುಖ ಎರಡೂ ಕಾಣುವಂತೆ, ಗೊರಕೆಯ ಸದ್ದು ಕೇಳುವಂತೆ ಎರಡು ಮೂರು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಹಗಲಿನಲ್ಲಿ ಆಸ್ಪತ್ರೆಯ ಕುರ್ಚಿಯ ಮೇಲೆ ಕುಳಿತ ಮಗು ರಾತ್ರಿ ಹೇಗೆ ಉಸಿರಾಡುತ್ತದೆ ಎಂಬುದನ್ನು ಬಾಯಿಮಾತಿನ ವಿವರಣೆಗಿಂತ ಆ ವಿಡಿಯೊ ಚೆನ್ನಾಗಿ ತಿಳಿಸುತ್ತದೆ. ಮೂಗಿಗೆ ಸಿಂಪಡಿಸುವ ಔಷಧಿಯಿಂದ ಕೆಲವು ವಾರ ಪ್ರಯತ್ನಿಸಿ ನೋಡಬಹುದೇ ಎಂದೂ ಕೇಳಿ. ಉಸಿರು ನಿಲ್ಲುವಷ್ಟು ತೀವ್ರತೆಯಿಲ್ಲದ ಮಕ್ಕಳಲ್ಲಿ ಕೆಲವರಿಗೆ ಅಷ್ಟರಿಂದಲೇ ಅನುಕೂಲವಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು

ಶಸ್ತ್ರಚಿಕಿತ್ಸೆ ನಿಶ್ಚಯವಾದ ಮೇಲೆ ವೈದ್ಯರಿಗೆ ತಪ್ಪದೆ ಹೇಳಬೇಕಾದ ಕೆಲವು ಸಂಗತಿಗಳಿವೆ. ಮಗುವಿಗೆ ಸಣ್ಣ ಗಾಯವಾದಾಗ ರಕ್ತ ಬೇಗ ನಿಲ್ಲುವುದಿಲ್ಲವೇ, ಮನೆತನದಲ್ಲಿ ಯಾರಿಗಾದರೂ ರಕ್ತಸ್ರಾವದ ಕಾಯಿಲೆ ಇದೆಯೇ, ಅರಿವಳಿಕೆಯಿಂದ ಯಾರಿಗಾದರೂ ಗಂಭೀರ ತೊಂದರೆಯಾಗಿತ್ತೇ, ಮಗುವಿಗೆ ಅಸ್ತಮಾ ಅಥವಾ ಔಷಧಿಯ ಅಲರ್ಜಿ ಇದೆಯೇ, ಈಗ ಯಾವ ಔಷಧಿಗಳನ್ನು ಕೊಡುತ್ತಿದ್ದೀರಿ ಎಂಬುದೆಲ್ಲ ಅವರಿಗೆ ತಿಳಿದಿರಬೇಕು. ಅಲ್ಲಾಡುತ್ತಿರುವ ಹಾಲುಹಲ್ಲಿದ್ದರೆ ಅದನ್ನು ಅರಿವಳಿಕೆ ತಜ್ಞರಿಗೆ ತಿಳಿಸಿ. ಕಿರುನಾಲಿಗೆಯ ತುದಿ ಎರಡಾಗಿ ಸೀಳಿದ್ದರೆ ಅಥವಾ ಮಗುವಿಗೆ ಸೀಳಂಗುಳವಿದ್ದರೆ ವೈದ್ಯರು ಹೆಚ್ಚಿನ ಎಚ್ಚರ ವಹಿಸಬೇಕಾಗುತ್ತದೆ. ಅಂತಹ ಮಕ್ಕಳಲ್ಲಿ ಅಡಿನಾಯ್ಡ್ ತೆಗೆದ ಮೇಲೆ ಅಂಗುಳು ಮೂಗಿನ ದಾರಿಯನ್ನು ಸರಿಯಾಗಿ ಮುಚ್ಚಲಾರದೆ ಮಾತು ಮೂಗಿನಿಂದ ಹೊರಡುವ ಸಾಧ್ಯತೆ ಇರುತ್ತದೆ.

ನಿಗದಿಯಾದ ದಿನದ ಹಿಂದುಮುಂದೆ ಮಗುವಿಗೆ ಜ್ವರ, ಕೆಮ್ಮು ಅಥವಾ ಹೊಸದಾಗಿ ನೆಗಡಿ ಬಂದರೆ ಅದನ್ನು ಮುಚ್ಚಿಡಬೇಡಿ. ರಜೆ ಹಾಕಿ, ಎಲ್ಲ ಏರ್ಪಾಡು ಮಾಡಿಕೊಂಡ ಮೇಲೆ ದಿನಾಂಕ ಮುಂದೆ ಹೋಗುವುದು ಬೇಸರದ ಸಂಗತಿಯೇ ಹೌದು, ಆದರೆ ಸೋಂಕಿನಿಂದ ಉದ್ರಿಕ್ತವಾಗಿರುವ ಶ್ವಾಸನಾಳಕ್ಕೆ ಅರಿವಳಿಕೆಯ ಸಮಯದಲ್ಲಿ ತೊಂದರೆಯಾಗುವ ಸಂಭವ ಹೆಚ್ಚು.

ಖಾಲಿ ಹೊಟ್ಟೆಯ ನಿಯಮದಲ್ಲಿ ರಿಯಾಯಿತಿಯಿಲ್ಲ. ಸಾಮಾನ್ಯವಾಗಿ ಗಟ್ಟಿ ಆಹಾರ ಮತ್ತು ಹಾಲನ್ನು 6 ಗಂಟೆ ಮೊದಲು, ಎದೆಹಾಲನ್ನು 4 ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ; ತಿಳಿ ನೀರನ್ನು 2 ಗಂಟೆ ಮೊದಲಿನವರೆಗೂ, ಕೆಲವು ಆಸ್ಪತ್ರೆಗಳಲ್ಲಿ 1 ಗಂಟೆ ಮೊದಲಿನವರೆಗೂ ಕೊಡಬಹುದು. ನಿಮ್ಮ ಆಸ್ಪತ್ರೆ ಹೇಳಿದ ಸಮಯವೇ ಅಂತಿಮ. ಹೊಟ್ಟೆಯಲ್ಲಿರುವುದು ಅರಿವಳಿಕೆಯ ವೇಳೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು ಎಂಬುದೇ ಈ ನಿಯಮದ ಉದ್ದೇಶ. ಹಾಗೆಂದು ಭಯದಿಂದ ಹಿಂದಿನ ರಾತ್ರಿಯಿಂದಲೇ ನೀರನ್ನೂ ಕೊಡದೆ ಮಗುವನ್ನು ಬಳಲಿಸುವುದು ಬೇಡ. ನೀರನ್ನು ಎಷ್ಟು ಗಂಟೆಯವರೆಗೆ ಕೊಡಬಹುದೆಂದು ಕೇಳಿ, ಬರೆದುಕೊಂಡು, ಅಷ್ಟು ಹೊತ್ತಿನವರೆಗೆ ಕೊಡಿ. ಮನೆಯಲ್ಲಿರುವ ಎಲ್ಲ ಹಿರಿಯರಿಗೂ ಈ ಸಮಯ ಗೊತ್ತಿರಲಿ, ಏಕೆಂದರೆ ಹಸಿದ ಮಗುವನ್ನು ಕಂಡು ಕನಿಕರದಿಂದ ಒಂದು ತುತ್ತು ಕೊಟ್ಟುಬಿಡುವವರು ಯಾರಾದರೂ ಇದ್ದೇ ಇರುತ್ತಾರೆ.

ಮಗುವಿಗೆ ಏನು ಹೇಳಬೇಕು ಎಂಬುದು ಇಡೀ ಸಿದ್ಧತೆಯಲ್ಲಿ ಅತ್ಯಂತ ಸೂಕ್ಷ್ಮವಾದ ವಿಷಯ. ಸುಮ್ಮನೆ ಸುತ್ತಾಡಲು ಹೋಗುತ್ತಿದ್ದೇವೆ ಎಂದು ಸುಳ್ಳು ಹೇಳಿ ಕರೆದೊಯ್ಯುವುದನ್ನು ನಾನು ಖಂಡಿತವಾಗಿಯೂ ಒಪ್ಪುವುದಿಲ್ಲ. ಹಾಗೆ ಮೋಸಹೋದ ಮಗು ಆಮೇಲೆ ಔಷಧಿ ಕೊಡುವಾಗಲೂ ನಿಮ್ಮನ್ನು ನಂಬುವುದಿಲ್ಲ. ಮೂರು ನಾಲ್ಕು ವರ್ಷದ ಮಗುವಿಗೆ ಒಂದೆರಡು ದಿನ ಮೊದಲು, ಸ್ವಲ್ಪ ದೊಡ್ಡ ಮಗುವಿಗೆ ಒಂದು ವಾರ ಮೊದಲು, ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳಿ: ಮೂಗಿನ ಹಿಂದೆ ಉಸಿರಿಗೆ ಅಡ್ಡ ಬರುತ್ತಿರುವುದನ್ನು ಡಾಕ್ಟರು ತೆಗೆಯುತ್ತಾರೆ, ಆಗ ನೀನು ನಿದ್ದೆ ಮಾಡುತ್ತಿರುತ್ತೀಯ, ನಿನಗೆ ಏನೂ ಗೊತ್ತಾಗುವುದಿಲ್ಲ, ಎದ್ದ ಮೇಲೆ ಗಂಟಲು ಸ್ವಲ್ಪ ನೋಯುತ್ತದೆ, ಆ ನೋವಿಗೆ ಔಷಧಿ ಇರುತ್ತದೆ, ನಾವು ಹತ್ತಿರದಲ್ಲೇ ಇರುತ್ತೇವೆ. ನೋವೇ ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ಮಗುವಿಗೆ ಇಷ್ಟವಾದ ಗೊಂಬೆಯನ್ನೋ ಹೊದಿಕೆಯನ್ನೋ ಜೊತೆಯಲ್ಲಿ ಒಯ್ಯಿರಿ.

ಆ ದಿನ

ಶಸ್ತ್ರಚಿಕಿತ್ಸೆಯು ಪೂರ್ಣ ಅರಿವಳಿಕೆಯಲ್ಲಿ, ಬಾಯಿಯ ಮೂಲಕವೇ ನಡೆಯುತ್ತದೆ. ಹೊರಗೆ ಗಾಯವಾಗಲಿ ಹೊಲಿಗೆಯಾಗಲಿ ಇರುವುದಿಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಎಚ್ಚರವಾದ ಕೂಡಲೇ ಮಗು ಗುರುತೇ ಸಿಗದಂತೆ ಚೀರುವುದು, ಕೈಕಾಲು ಬಡಿಯುವುದು, ಅಮ್ಮನನ್ನೇ ದೂರ ತಳ್ಳುವುದು ಉಂಟು. ಇದು ಅರಿವಳಿಕೆಯಿಂದ ಹೊರಬರುವಾಗ ಚಿಕ್ಕ ಮಕ್ಕಳಲ್ಲಿ ಆಗಾಗ ಕಾಣುವ ಗೊಂದಲವಾಗಿದ್ದು, ಬಹಳಷ್ಟು ಸಲ ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ನುಂಗಿದ ರಕ್ತದಿಂದಾಗಿ ಕಂದು ಬಣ್ಣದ ವಾಂತಿ ಒಮ್ಮೆ ಆಗಬಹುದು. ಅನೇಕ ಮಕ್ಕಳು ಅಂದೇ ಮನೆಗೆ ಮರಳುತ್ತಾರೆ; ಮೂರು ವರ್ಷಕ್ಕಿಂತ ಚಿಕ್ಕವರನ್ನೂ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದ್ದವರನ್ನೂ ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವುದು ವಾಡಿಕೆ.

ಮನೆಗೆ ಬಂದ ಮೇಲೆ

ಟಾನ್ಸಿಲ್ ತೆಗೆಯದೆ ಅಡಿನಾಯ್ಡ್ ಒಂದನ್ನೇ ತೆಗೆದಿದ್ದರೆ ನೋವು ಅಷ್ಟು ಹೆಚ್ಚಿರುವುದಿಲ್ಲ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೂ ಮೊದಲ ಎರಡು ಮೂರು ದಿನ ಮಗು ಅಳುವವರೆಗೆ ಕಾಯದೆ, ವೈದ್ಯರು ಹೇಳಿದ ಅಂತರಕ್ಕೆ ಸರಿಯಾಗಿ ನೋವಿನ ಔಷಧಿ ಕೊಡುವುದು ಒಳ್ಳೆಯದು, ಏಕೆಂದರೆ ನೋವಿದ್ದರೆ ಮಗು ನುಂಗುವುದಿಲ್ಲ, ನುಂಗದಿದ್ದರೆ ನೀರಿನಂಶ ಕಡಿಮೆಯಾಗುತ್ತದೆ, ಗಂಟಲು ಒಣಗಿ ನೋವು ಮತ್ತಷ್ಟು ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಪ್ರಮಾಣವು ವಯಸ್ಸಿಗಿಂತ ತೂಕವನ್ನು ಅವಲಂಬಿಸಿದೆ: ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕೆ ಮೀರದಂತೆ. ಹನಿ ಔಷಧಿ ಮತ್ತು ಸಿರಪ್ಪುಗಳ ಸಾಂದ್ರತೆ ಬೇರೆ ಬೇರೆಯಾಗಿರುವುದರಿಂದ ನಿಮ್ಮ ಕೈಯಲ್ಲಿರುವ ಬಾಟಲಿಯಿಂದ ಎಷ್ಟು ಮಿಲಿಲೀಟರ್ ಕೊಡಬೇಕು ಎಂಬುದನ್ನು ಆಸ್ಪತ್ರೆ ಬಿಡುವ ಮೊದಲೇ ಬರೆಸಿಕೊಳ್ಳಿ; ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಐಬುಪ್ರೊಫೆನ್ ಕೊಡುವುದಿದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಕೊಡೀನ್ ಇರುವ ಔಷಧಿಯೂ ಬೇಡ: ಕೆಲವು ಮಕ್ಕಳ ದೇಹ ಅದನ್ನು ಅತಿ ವೇಗವಾಗಿ ಮಾರ್ಫಿನ್ ಆಗಿ ಮಾರ್ಪಡಿಸುವುದರಿಂದ ಉಸಿರಾಟವೇ ಕುಂದಿ ಸಾವುಗಳು ಸಂಭವಿಸಿದ ಹಿನ್ನೆಲೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಕಟ್ಟೆಚ್ಚರಿಕೆ ನೀಡಿ, 2017ರಲ್ಲಿ 12 ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು ಎಂದಿತು.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ಮೆತ್ತನೆಯದನ್ನು, ತೀರ ಬಿಸಿಯಲ್ಲದ್ದನ್ನು ಕೊಡುತ್ತಾ ಮಗು ಬಯಸಿದಂತೆ ಎಂದಿನ ಆಹಾರಕ್ಕೆ ಮರಳಬಹುದು. ಒಂದೆರಡು ದಿನ ತಿನ್ನುವುದು ಕಡಿಮೆಯಾದರೂ ಅಪಾಯವಿಲ್ಲ, ಕುಡಿಯುವುದು ಮಾತ್ರ ನಿಲ್ಲಬಾರದು. ಎಚ್ಚರವಿರುವಾಗ ಮತ್ತೆ ಮತ್ತೆ ಒಂದೆರಡು ಗುಟುಕು ಕುಡಿಸಿ.

ಮೊದಲ ಒಂದೆರಡು ದಿನದ ಸಣ್ಣ ಜ್ವರ, ಒಂದೆರಡು ವಾರ ಇರುವ ಬಾಯಿಯ ದುರ್ವಾಸನೆ, ಊತ ಇಳಿಯುವವರೆಗೆ ಉಳಿಯುವ ಗೊರಕೆ, ಕಿವಿನೋವು ಇವೆಲ್ಲ ನಿರೀಕ್ಷಿತವೇ. ಕಿವಿ ಮತ್ತು ಗಂಟಲಿಗೆ ನರಗಳ ನಂಟಿರುವುದರಿಂದ ಗಂಟಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಒಂದು ವಾರ ಮೂಗನ್ನು ಜೋರಾಗಿ ಸೀಟದಂತೆ ನೋಡಿಕೊಳ್ಳಿ; ಮೂಗು ಕಟ್ಟಿದ್ದರೆ ವೈದ್ಯರು ಸೂಚಿಸಿದ ಸಲೈನ್ ಹನಿ ಸಾಕು. ಸುಮಾರು ಒಂದು ವಾರ ಶಾಲೆಯಿಂದಲೂ ಶೀತ, ಕೆಮ್ಮು ಇರುವವರಿಂದಲೂ ದೂರವಿಡಿ. ಈಜು, ಓಟ ಮತ್ತು ದೂರದ ಪ್ರಯಾಣಗಳನ್ನು ಎರಡು ವಾರ ಮುಂದೂಡಿ.

ಇವೆಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ರಕ್ತಸ್ರಾವ. ಅದು ಅಪರೂಪ, ಆದರೆ ಮೊದಲ 24 ಗಂಟೆಯಲ್ಲಿ ಅಥವಾ 5ರಿಂದ 10ನೆಯ ದಿನದ ನಡುವೆ ಆಗಬಹುದು. ಮಗು ಚೇತರಿಸಿಕೊಂಡಿತು ಎಂದು ಮನೆಯವರು ನಿರಾಳರಾಗುವ ಹೊತ್ತೂ ಅದೇ ಆಗಿರುತ್ತದೆ. ಚಿಕ್ಕ ಮಗು ರಕ್ತವನ್ನು ಉಗುಳುವ ಬದಲು ನುಂಗಿಬಿಡುವುದರಿಂದ ಹೊರಗೆ ಏನೂ ಕಾಣಿಸದೆ ಇರಬಹುದು. ನಿದ್ದೆಯಲ್ಲಿಯೂ ಬಿಡದೆ ಎಂಜಲು ನುಂಗುತ್ತಿರುವುದು, ಮುಖ ಬಿಳಿಚಿಕೊಳ್ಳುವುದು ಮೊದಲ ಸುಳಿವಾಗಿರುತ್ತದೆ. ಮೊದಲ ರಾತ್ರಿ ಮಗುವಿನ ಪಕ್ಕದಲ್ಲೇ ಮಲಗಿ, ನಡುವೆ ಎದ್ದು ಗಂಟಲಿನ ಚಲನೆಯನ್ನು ನೋಡಿ. ಮೂಗಿನಿಂದಾಗಲಿ ಬಾಯಿಯಿಂದಾಗಲಿ ಕೆಂಪು ಹಸಿ ರಕ್ತ ಬಂದರೆ, ರಕ್ತದ ವಾಂತಿಯಾದರೆ, ಉಸಿರಾಟ ಕಷ್ಟವಾದರೆ ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಎಂಟು ಗಂಟೆಗೂ ಹೆಚ್ಚು ಕಾಲ ಮೂತ್ರ ಮಾಡದಿದ್ದರೆ, ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕತ್ತು ಒಂದು ಕಡೆಗೆ ವಾಲಿ ತಿರುಗಿಸಲಾಗದಂತೆ ಬಿಗಿದುಕೊಂಡರೆ ಅದೇ ದಿನ ವೈದ್ಯರನ್ನು ಕಾಣಿ.

ಮಗುವಿನ ಧ್ವನಿ ಕೆಲವು ವಾರ ಬದಲಾಗಿ ಕೇಳಿಸಬಹುದು, ಕುಡಿದ ನೀರು ಒಮ್ಮೊಮ್ಮೆ ಮೂಗಿನಿಂದ ಬರಲೂಬಹುದು. ಎರಡು ಮೂರು ತಿಂಗಳಾದರೂ ಇದು ಸರಿಹೋಗದಿದ್ದರೆ ಮಾತಿನ ಚಿಕಿತ್ಸಕರ ಸಲಹೆ ಬೇಕಾಗುತ್ತದೆ. ಕಿವಿಯ ತೊಂದರೆಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿದ್ದರೆ ಕೇಳಿಸುವಿಕೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಇನ್ನು ಗೊರಕೆಯ ವಿಷಯ: ಸುಮಾರು ಆರು ವಾರಗಳ ನಂತರ ಮಗು ಗಾಢ ನಿದ್ದೆಯಲ್ಲಿರುವಾಗ ಮೊದಲಿನಂತೆಯೇ ವಿಡಿಯೊ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಬಾಯಿ ಇನ್ನೂ ತೆರೆದೇ ಇದ್ದು ಉಸಿರು ತಡೆದು ತಡೆದು ಬರುತ್ತಿದ್ದರೆ ಎರಡೂ ವಿಡಿಯೊಗಳನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ಟಾನ್ಸಿಲ್ ದೊಡ್ಡದಿದೆಯೇ, ಅಲರ್ಜಿಯಿಂದ ಮೂಗು ಕಟ್ಟುತ್ತಿದೆಯೇ ಎಂದು ಅವರು ಪರೀಕ್ಷಿಸುತ್ತಾರೆ.