ಮುಖ ಬಿಡಿ, ಕೆಂಡದಿಂದ ಶುರುಮಾಡಿ

ಬೈಬಲಿನ ಚಿತ್ರ ಬರೆಯಬೇಕೆಂದು ಕುಂಚ ಹಿಡಿದವರು ಮೊದಲು ಕೈಹಾಕುವುದು ಯೇಸುವಿನ ಮುಖಕ್ಕೇ. ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಮೊದಲು ಅದನ್ನು ಮುಟ್ಟಲು ಬಿಡುವುದಿಲ್ಲ. ಎಲ್ಲೋ ನೋಡಿದ ಕ್ಯಾಲೆಂಡರಿನ ಮುಖ ತಾನಾಗಿ ಕೈಗೆ ಬಂದುಬಿಡುತ್ತದೆ, ಬೈಬಲಿನ ವಚನ ಓದುವ ಅಗತ್ಯವೇ ಬೀಳುವುದಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿರುವ, ಡಚ್ ಚಿತ್ರಕಾರ ರೆಂಬ್ರಾಂಟ್‌ನ ಚಿತ್ರ ನೋಡಿ: ಯೇಸು ಹೇಳಿದ ಸಾಮ್ಯದಲ್ಲಿ ಆಸ್ತಿ ಹಾಳುಮಾಡಿ ಮನೆಗೆ ಮರಳಿದ ಕಿರಿಯ ಮಗ. ಅವನ ಮುಖ ಸರಿಯಾಗಿ ಕಾಣುವುದೇ ಇಲ್ಲ. ಬೋಳಿಸಿದ ತಲೆ, ಕಳಚಿಬಿದ್ದ ಪಾದರಕ್ಷೆ, ಸವೆದ ಅಂಗಾಲು, ಬೆನ್ನ ಮೇಲೆ ತಂದೆಯ ಎರಡು ಕೈ. ಇಷ್ಟರಲ್ಲೇ ಕಥೆ ಮುಗಿದಿದೆ.

ಆದ್ದರಿಂದ ವಸ್ತುವಿನಿಂದ ಶುರುಮಾಡಿ. ನಾನು ಕೊಡುವ ಮೊದಲ ಪಾಠ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ: ಸತ್ತು ಎದ್ದ ಯೇಸು ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಳ್ಳುವ ಭಾಗ. ಅಧ್ಯಾಯವನ್ನು ನಿಧಾನವಾಗಿ, ಬಾಯಿಬಿಟ್ಟು ಓದಿ. ಕಣ್ಣಿಗೆ ಕಾಣುವುದನ್ನು ಮಾತ್ರ ಪಟ್ಟಿ ಮಾಡಿ: ಬೆಳಗಿನ ಹೊತ್ತು, ದೋಣಿ, ಬಲೆ, ಅದರಲ್ಲಿ 153 ಮೀನು, ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು, ರೊಟ್ಟಿ. ಆಮೇಲೆ 18ನೇ ಅಧ್ಯಾಯಕ್ಕೆ ತಿರುಗಿ. ಮಹಾಯಾಜಕನ ಅಂಗಳದಲ್ಲಿ, ಚಳಿಯ ರಾತ್ರಿ, ಯೇಸುವಿನ ಶಿಷ್ಯ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ನಿಂತದ್ದು ಕೂಡ ಇದ್ದಲಿನ ಬೆಂಕಿಯ ಮುಂದೆಯೇ. ಅಲ್ಲಿ ಯೇಸುವಿನ ಶಿಷ್ಯ ನೀನಲ್ಲವೇ ಎಂದಾಗ ಮೂರು ಸಲ ‘ನಾನಲ್ಲ’ ಅಂದವನಿಗೆ ಇಲ್ಲಿ, 21ರಲ್ಲಿ, ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಯೇಸುವಿನಿಂದ ಮೂರು ಸಲ ಪ್ರಶ್ನೆ. ಈ ಎರಡು ಬೆಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಬರೆಯುವುದೇ ಅಭ್ಯಾಸ. ಓದುವುದಕ್ಕೆ ಹಿಡಿದ ಸಮಯವನ್ನು ಪ್ರಾರ್ಥನೆಯ ಲೆಕ್ಕಕ್ಕೇ ಹಾಕಿಕೊಳ್ಳಿ. ಐಕಾನ್, ಅಂದರೆ ಪೂರ್ವದ ಸಭೆಗಳ ಪವಿತ್ರ ಚಿತ್ರ, ಬರೆಯುವವರು ಪ್ರಾರ್ಥನೆ, ಉಪವಾಸದಿಂದ ಕೆಲಸ ಆರಂಭಿಸುವ ಪದ್ಧತಿ ಬಹಳ ಹಳೆಯದು.

ಅಂಗೈಯಷ್ಟು ಅಗಲದ ಪೆನ್ಸಿಲ್ ಕರಡುಗಳನ್ನು ಮೊದಲು ಮಾಡಿ. ಬಣ್ಣಕ್ಕೆ ಅಕ್ರಿಲಿಕ್ ಸಾಕು. ಬಿಳಿ ಹಾಳೆಯ ಮೇಲೆ ನೇರ ಬರೆಯಬೇಡಿ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ನೀರಾಗಿಸಿ ಪೂರ್ತಿ ಬಳಿದು ಒಣಗಿಸಿ, ಇದೇ ನೆಲಬಣ್ಣ. ಕಪ್ಪು ಬಣ್ಣದ ಟ್ಯೂಬನ್ನು ಮುಚ್ಚಿಡಿ. ಅದೇ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಜೀವವಿರುವ ಬೂದು ಬರುತ್ತದೆ, ನೀಲಿ ಹೆಚ್ಚಾದಷ್ಟೂ ತಣ್ಣಗೆ. ಕೆಂಡ ಹೊಳೆಯುವುದು ಕಿತ್ತಳೆ ಬಣ್ಣದ ಬಲದಿಂದಲ್ಲ, ಸುತ್ತ ಇರುವ ಈ ತಣ್ಣನೆಯ ಬೂದಿನಿಂದ. ಐಕಾನ್‌ನವರು ಮೊಗದ ಭಾಗಕ್ಕೆ ಮಾಡುವ ಹಾಗೆ ಕತ್ತಲಿಂದ ಬೆಳಕಿಗೆ ಬನ್ನಿ: ಮೊದಲು ಕಡುಗಂದು, ಮೇಲೆ ಕಡುಗೆಂಪು, ಅದರ ಮೇಲೆ ಕಿತ್ತಳೆ, ಕೊನೆಗೆ ಎರಡು ಮೂರು ಕಡೆ ಮಾತ್ರ ಹಳದಿ. ರಾತ್ರಿಯ ಬೆಂಕಿಗೆ ಸುತ್ತ ಗಾಢ ಕತ್ತಲು ಕೊಡಿ. ಕೈಗಳು ಕೆಳಗಿನಿಂದ ಕೆಂಪಾಗಲಿ. ಬೆಳಗಿನ ಬೆಂಕಿ ಕಷ್ಟದ್ದು. ಆಕಾಶ ಬೆಳಗುತ್ತಿರುವಾಗ ಕೆಂಡ ಮಂಕಾಗುತ್ತದೆ, ಬೂದಿ ಹೆಚ್ಚು ಕಾಣುತ್ತದೆ. ಹೆಚ್ಚಿನವರು ಇಲ್ಲಿ ಆಸೆಬಿದ್ದು ಬೆಂಕಿಯನ್ನು ಜೋರು ಮಾಡುತ್ತಾರೆ. ಮಾಡಬೇಡಿ.

ವಿಗ್ರಹ ಮಾಡಬೇಡ ಎಂಬ ಆಜ್ಞೆ ಕೆಲವರನ್ನು ತಡೆಯುತ್ತದೆ. ಅದು ಹಗುರವಾದ ಪ್ರಶ್ನೆಯಲ್ಲ. ಕ್ರಿ.ಶ. 787ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಚಿತ್ರಕ್ಕೆ ಗೌರವ, ಆರಾಧನೆ ದೇವರಿಗೆ ಮಾತ್ರ ಎಂದು ಗೆರೆ ಎಳೆದ ಮೇಲೂ ಎಲ್ಲ ಕ್ರೈಸ್ತ ಸಭೆಗಳು ಒಪ್ಪಿಲ್ಲ. ನಿಮ್ಮ ಮನಸ್ಸು ಒಪ್ಪದಿದ್ದರೆ ಕೆಂಡ, ಬಲೆ, ರೊಟ್ಟಿಯಲ್ಲೇ ಜೀವಮಾನ ಕಳೆಯಬಹುದು, ಅಷ್ಟು ಕೆಲಸ ಅಲ್ಲಿದೆ. ದೇವದರ್ಶನದ ಗುಡಾರವನ್ನು ಕಟ್ಟಿದ ಕುಶಲಕರ್ಮಿ ಬೆಚಲೇಲನನ್ನು ದೇವರು ತನ್ನ ಆತ್ಮದಿಂದ ತುಂಬಿಸಿದ್ದು ಕುಶಲ ಕೆಲಸಕ್ಕೆಂದೇ ಎಂದು ವಿಮೋಚನಕಾಂಡ 31 ಹೇಳುತ್ತದೆ.

ಆರಾಧನೆ ನಡೆಯುತ್ತಿರುವಾಗಲೇ ಬರೆಯಲು ಕರೆದರೆ ಹಿಂದಿನ ದಿನವೇ ನೆಲಬಣ್ಣ ಹಚ್ಚಿ ಒಣಗಿಸಿಟ್ಟುಕೊಳ್ಳಿ. ಎಣ್ಣೆಬಣ್ಣ ಬೇಡ, ಆರಲು ದಿನಗಟ್ಟಲೆ ಬೇಕು. ಸ್ಟ್ಯಾಂಡನ್ನು ಪಕ್ಕಕ್ಕಿಡಿ, ನೆಲಕ್ಕೆ ಹಳೆಯ ಬಟ್ಟೆ ಹಾಸಿ, ದೊಡ್ಡ ಕುಂಚವೇ ಇರಲಿ. ಪ್ರಾರ್ಥನೆಗೆ ಎಲ್ಲರೂ ತಲೆಬಾಗಿದಾಗ ನೀವೂ ಕುಂಚ ಕೆಳಗಿಡಿ. ಹಾಡು ಮುಗಿಯುವುದರೊಳಗೆ ಚಿತ್ರ ಮುಗಿಸಿ ಚಪ್ಪಾಳೆ ಗಿಟ್ಟಿಸುವ ಚಾಳಿ ನನಗೆ ಸೇರುವುದಿಲ್ಲ. ಅರ್ಧವಾದರೆ ಅರ್ಧವೇ ನಿಲ್ಲಲಿ, ಮನೆಯಲ್ಲಿ ಮುಗಿಸಬಹುದು.

ಪೂರ್ತಿ ಒಣಗಿದ ಮೇಲೆ ವಾರ್ನಿಷ್ ಹಚ್ಚಿ. ಚಿತ್ರದ ಪಕ್ಕ ಉದ್ದದ ವಿವರಣೆ ಅಂಟಿಸಬೇಡಿ. ‘ಯೋಹಾನ 21:9’ ಎಂದು ಚಿಕ್ಕದಾಗಿ ಬರೆದರೆ ಸಾಕು, ಬೇಕಾದವರು ತೆಗೆದು ಓದುತ್ತಾರೆ.